ಕಲ್ಪನಾಲೋಕದ ಪಾತ್ರಗಳ ಡಿಜಿಟಲ್ ಚಿತ್ರಣ: ಸುರಪುರದ ತಂಗಿಯ ಪ್ರಶ್ನೆಗಳಿಗೆ ಉತ್ತರ

ಸುರಪುರದ ತಂಗಿಗೆ ನಮಸ್ಕಾರ. 8 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್‌ಗೆ ಚಿತ್ರ ಬಿಡಿಸುವ ಯಾವ ಪೆನ್ ಟ್ಯಾಬ್ಲೆಟ್ ಕೊಳ್ಳಬೇಕು, ಹೈದರಾಬಾದಿನ ದುಬಾರಿ ಕಾನ್ಸೆಪ್ಟ್ ಆರ್ಟ್ (ಆಟ, ಚಲನಚಿತ್ರಗಳ ಪಾತ್ರಗಳನ್ನು ಮೊದಲು ಚಿತ್ರದಲ್ಲಿ ರೂಪಿಸುವ ಕಲೆ) ಕೋರ್ಸಿಗೆ ಸೇರಬೇಕೇ, ನೀವು ಬಿಡಿಸಿರುವ ಕತ್ತಿ ಹಿಡಿದ ಯೋಧೆ ಏಕೆ ಪ್ಲಾಸ್ಟಿಕ್ ಗೊಂಬೆಯಂತೆ ಕಾಣುತ್ತಾಳೆ ಎಂದು ಈ ಗುಂಪಿನಲ್ಲಿ ಕೇಳಿದ್ದೀರಿ. ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಅದಕ್ಕೆ ಉತ್ತರ ಸಿಕ್ಕರೆ ಕೋರ್ಸಿನ ವಿಷಯವನ್ನು ನೀವೇ ತೀರ್ಮಾನಿಸಬಲ್ಲಿರಿ.

ಟ್ಯಾಬ್ಲೆಟ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹುಯಿಯಾನ್, ಎಕ್ಸ್‌ಪಿ-ಪೆನ್, ವೇಕಾಮ್ ಇವುಗಳಲ್ಲಿ ಯಾವುದಾದರೂ ಒಂದರ ಪರದೆಯಿಲ್ಲದ ಸಣ್ಣ ಟ್ಯಾಬ್ಲೆಟ್ ಸಾಕು. ಬರೆಯುವ ಜಾಗ 6 × 4 ಅಂಗುಲ ಇದ್ದರೂ ನಡೆಯುತ್ತದೆ. ಪೆನ್ನಿನ ಒತ್ತಡದ ಮಟ್ಟಗಳು 4096 ಇರಲಿ, 8192 ಇರಲಿ, ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಎಂಬ ಸ್ಥಿತಿ ಮೊದಲ ಕೆಲವು ವಾರ ಕಿರಿಕಿರಿ ಮಾಡುತ್ತದೆ, ಆಮೇಲೆ ರೂಢಿಯಾಗುತ್ತದೆ. ಒಂದು ಎಚ್ಚರಿಕೆ: ಟ್ಯಾಬ್ಲೆಟ್ಟಿನ ಜಾಗದ ಉದ್ದ-ಅಗಲದ ಅನುಪಾತವನ್ನು ಸೆಟ್ಟಿಂಗಿನಲ್ಲಿ ನಿಮ್ಮ ಪರದೆಯ ಅನುಪಾತಕ್ಕೆ ಹೊಂದಿಸದಿದ್ದರೆ, ನೀವು ಎಳೆದ ವೃತ್ತ ಪರದೆಯ ಮೇಲೆ ಮೊಟ್ಟೆಯಾಗುತ್ತದೆ, ತಪ್ಪು ಕೈಯದೆಂದು ಸುಮ್ಮನೆ ನೊಂದುಕೊಳ್ಳುತ್ತೀರಿ.

ತಂತ್ರಾಂಶಕ್ಕೆ ಕ್ರಿಟಾ ಇದೆ. ಪೂರ್ತಿ ಉಚಿತ, ಪೇಂಟಿಂಗಿಗೆಂದೇ ರೂಪಿಸಿದ್ದು. 300 ಡಿಪಿಐನ (ಅಂಗುಲಕ್ಕೆ 300 ಚುಕ್ಕೆಗಳ) ಎ4 ಹಾಳೆ ಎಂದರೆ 2480 × 3508 ಪಿಕ್ಸೆಲ್. ಅಷ್ಟು ದೊಡ್ಡ ಕ್ಯಾನ್ವಾಸಿನ ಮೇಲೆ ಹತ್ತಾರು ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಹೇರಿದರೆ ನಿಮ್ಮ ಲ್ಯಾಪ್‌ಟಾಪ್ ಏದುಸಿರು ಬಿಡಬಹುದು. ಅಭ್ಯಾಸಕ್ಕೆ ಅದರ ಅರ್ಧ ಅಳತೆ ಸಾಕು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಹೋಗುವ ರೀತಿ ನಿಮಗೆ ಗೊತ್ತಿರುವುದರಿಂದ, ತಾನಾಗಿ ಉಳಿಸುವ ಅವಧಿಯನ್ನು ಸೆಟ್ಟಿಂಗಿನಲ್ಲಿ ಆದಷ್ಟು ಕಡಿಮೆ ಮಾಡಿಟ್ಟುಕೊಳ್ಳಿ.

ಈಗ ನಿಮ್ಮ ಯೋಧೆಗೆ ಬರೋಣ. ಮೈಗೆ ಒಂದು ಕಂದು ಬಣ್ಣ ತುಂಬಿ, ನೆರಳಿಗೆ ಅದಕ್ಕೇ ಕಪ್ಪು ಬೆರೆಸಿ, ಬೆಳಕಿಗೆ ಬಿಳಿ ಬೆರೆಸಿ, ಅಂಚುಗಳನ್ನೆಲ್ಲ ಏರ್‌ಬ್ರಷ್ಷಿನಿಂದ ನುಣ್ಣಗೆ ಮಾಡಿದ್ದೀರಿ. ಬೆಳಕು ಎಲ್ಲಿಂದ ಬರುತ್ತಿದೆ ಎಂಬುದನ್ನು ಚಿತ್ರ ಹೇಳುವುದೇ ಇಲ್ಲ; ಪ್ರತಿ ಅಂಗವೂ ನಡುವೆ ಬೆಳ್ಳಗೆ, ಸುತ್ತ ಕಪ್ಪಗೆ ಇದೆ. ನಿಜವಾದ ನೆರಳಿನಲ್ಲಿ ಎರಡು ಜಾತಿಗಳಿವೆ. ದುಂಡಗಿನ ತೋಳು ಬೆಳಕಿನಿಂದ ತಿರುಗಿಕೊಳ್ಳುವಾಗ ಮೂಡುವ ನೆರಳಿನ ಅಂಚು ಮೃದುವಾಗಿರುತ್ತದೆ. ಮೂಗು ತುಟಿಯ ಮೇಲೆ ಚೆಲ್ಲುವ ನೆರಳಿನ ಅಂಚು ಮೂಗಿನ ಬಳಿ ಚೂಪಾಗಿದ್ದು, ದೂರ ಹೋದಂತೆ ಮಸುಕಾಗುತ್ತದೆ. ಈ ಎರಡನ್ನೂ ಒಂದೇ ಮೆತ್ತನೆಯ ಬ್ರಷ್ಷಿನಿಂದ ಹಚ್ಚಿದಾಗ ಪ್ಲಾಸ್ಟಿಕ್ ಹುಟ್ಟುತ್ತದೆ. ಆದ್ದರಿಂದ ಕೆಲವು ತಿಂಗಳು ಏರ್‌ಬ್ರಷ್ಷನ್ನು ಮುಟ್ಟದೆ, ಗಟ್ಟಿ ಅಂಚಿನ ದುಂಡು ಬ್ರಷ್ ಒಂದರಿಂದಲೇ ಕೆಲಸ ಮಾಡಿ ಎಂಬುದು ನನ್ನ ಸಲಹೆ.

ನೆರಳಿಗೂ ಬಣ್ಣವಿರುತ್ತದೆ ಎಂಬುದನ್ನು ಕಲಿಯಲು ಕಲಬುರಗಿ, ಬೀದರ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಷ್ಟು ಒಳ್ಳೆಯ ಪಾಠಶಾಲೆ ಅಪರೂಪ. ಮೇ ತಿಂಗಳ ಮೊದಲೆರಡು ವಾರಗಳಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ಆಗ ಎದುರು ನಿಂತವರ ಕಣ್ಣಿನ ಗುಳಿ, ಮೂಗಿನ ಕೆಳಗು, ಗದ್ದದ ಕೆಳಗು ಎಲ್ಲ ನೆರಳಾಗುತ್ತವೆ. ಅವರು ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ನಿಂತಿದ್ದರೆ ಆ ಬೂದುಗಲ್ಲು ಬೆಳಕನ್ನು ಮೇಲಕ್ಕೆ ಎಸೆದು ಗದ್ದದ ಕೆಳಗಿನ ನೆರಳನ್ನು ತಿಳಿಗೊಳಿಸುತ್ತದೆ. ಅದೇ ವ್ಯಕ್ತಿ ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದ ಮೇಲಿದ್ದರೆ ಆ ನೆರಳಿಗೆ ಕಿತ್ತಳೆಯ ಛಾಯೆ ಬರುತ್ತದೆ. ಉತ್ತ ಎರೆಹೊಲದಲ್ಲಿದ್ದರೆ ಕಪ್ಪು ಮಣ್ಣು ಏನನ್ನೂ ಹಿಂದಿರುಗಿಸದೆ ನೆರಳು ಗಾಢವಾಗಿಯೇ ಉಳಿಯುತ್ತದೆ. ನೆರಳಿನೊಳಗೆ ಮೇಲ್ಮುಖವಾಗಿರುವ ಭುಜದಂಥ ಭಾಗಗಳಿಗೆ ಆಕಾಶದ ನೀಲಿ ತಾಗುತ್ತದೆ, ಕೆಳಮುಖವಾಗಿರುವ ಭಾಗಗಳಿಗೆ ನೆಲದ ಬಣ್ಣ ತಾಗುತ್ತದೆ. ಮನೆಯವರನ್ನು ಈ ಮೂರು ನೆಲಗಳ ಮೇಲೆ ನಿಲ್ಲಿಸಿ ನೋಡಿ, ಫೋಟೊ ತೆಗೆಯದೆ ಅಲ್ಲಿಯೇ ಬಣ್ಣದ ಪೆನ್ಸಿಲಿನಲ್ಲಿ ಚೌಕಗಳಾಗಿ ಗುರುತು ಮಾಡಿಕೊಳ್ಳಿ. ಮೊಬೈಲ್ ಕ್ಯಾಮೆರಾ ನೆರಳಿನ ಬಣ್ಣವನ್ನು ತನ್ನಿಷ್ಟದಂತೆ ತಿದ್ದಿಬಿಡುತ್ತದೆ.

ಕವಚ, ಕತ್ತಿ, ಚರ್ಮ, ರೇಷ್ಮೆ ಒಂದೇ ವಸ್ತುವಿನಂತೆ ಕಾಣುತ್ತಿರುವುದಕ್ಕೆ ಕಾರಣ ಹೊಳಪಿನ ಚುಕ್ಕೆಗಳನ್ನು ಎಲ್ಲದಕ್ಕೂ ಬಿಳಿಯಾಗಿಯೇ ಇಟ್ಟಿರುವುದು. ಚರ್ಮ, ಮರ, ಮೈ ಇವುಗಳ ಹೊಳಪು ಬೆಳಕಿನ ಬಣ್ಣವನ್ನು ಹೊರುತ್ತದೆ. ಹಿತ್ತಾಳೆ, ತಾಮ್ರದಂಥ ಲೋಹಗಳ ಹೊಳಪು ಆ ಲೋಹದ ಬಣ್ಣವನ್ನೇ ಹೊರುತ್ತದೆ. ಬಿದ್ರಿಯ ಒಂದು ಸಣ್ಣ ಡಬ್ಬಿ ಸಿಕ್ಕರೆ ಕಿಟಕಿಯ ಬಳಿ ಇಟ್ಟು ನೋಡಿ. ಸತುವಿನಲ್ಲಿ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪಾಗಿಸಿದ ಆ ವಸ್ತುವಿನಲ್ಲಿ, ಬೆಳಕನ್ನು ನುಂಗುವ ಮಂಕು ಕಪ್ಪು ಮತ್ತು ಚೂಪಾಗಿ ಮಿಂಚುವ ಬೆಳ್ಳಿ ಪಕ್ಕಪಕ್ಕದಲ್ಲಿಯೇ ಇವೆ. ಅದೊಂದನ್ನು ಸರಿಯಾಗಿ ಬಿಡಿಸಬಲ್ಲವರಿಗೆ ಕವಚ ಕಷ್ಟವಾಗುವುದಿಲ್ಲ. ನಿಮ್ಮ ಊರಿನ ಸುರಪುರ ಶೈಲಿಯ ಚಿತ್ರಗಳಲ್ಲಿರುವ ಬಂಗಾರದ ಕೆಲಸ ಬೇರೆಯ ದಾರಿಯದು. ಅಲ್ಲಿ ಬಂಗಾರ ಅಲಂಕಾರ, ಬೆಳಕು-ನೆರಳಿನ ಲೆಕ್ಕ ಅದಕ್ಕಿಲ್ಲ. ಎರಡೂ ಸುಂದರವೇ, ಆದರೆ ಒಂದೇ ಕಿರೀಟದಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಬಣ್ಣಕ್ಕೆ ಹೋಗುವ ಮೊದಲು ಇಡೀ ಚಿತ್ರವನ್ನು ಕಪ್ಪು, ಬೂದು, ಬಿಳುಪು ಎಂಬ ಮೂರೇ ಮಟ್ಟಗಳಲ್ಲಿ ಅಂಗೈಯಗಲ ಬಿಡಿಸಿ. ಅಷ್ಟು ಚಿಕ್ಕದರಲ್ಲಿ ಪಾತ್ರ ಹಿನ್ನೆಲೆಯಿಂದ ಬೇರ್ಪಟ್ಟು ನಿಲ್ಲದಿದ್ದರೆ ಬಣ್ಣ ಅದನ್ನು ಉಳಿಸುವುದಿಲ್ಲ. ಬಣ್ಣ ಹಚ್ಚಿದ ಮೇಲೂ ಎಲ್ಲಕ್ಕಿಂತ ಮೇಲೆ ಪೂರ್ತಿ ಕಪ್ಪು ತುಂಬಿದ ಒಂದು ಲೇಯರ್ ಇಟ್ಟು, ಅದರ ಬೆರಕೆಯ ಬಗೆಯನ್ನು (ಬ್ಲೆಂಡಿಂಗ್ ಮೋಡ್) ‘ಕಲರ್’ ಎಂದು ಬದಲಿಸಿದರೆ ಚಿತ್ರ ಕಪ್ಪು-ಬಿಳುಪಿನಲ್ಲಿ ಕಾಣುತ್ತದೆ, ಪರೀಕ್ಷಿಸಿ ಮರೆಮಾಡಿ. ಕ್ರಿಟಾದಲ್ಲಿ ಎಂ ಕೀಲಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ, ಓರೆಯಾದ ಕಣ್ಣು, ಜಾರಿದ ಭುಜ ಆಗ ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ನಿಮ್ಮ ಯೋಧೆಯ ನಿಲುವು ಬಿಗಿಯಾಗಿದೆ, ತೊಡೆಗಿಂತ ಮೊಣಕಾಲ ಕೆಳಗಿನ ಭಾಗ ಬಹಳ ಗಿಡ್ಡವಾಗಿದೆ. ಸಾಮಾನ್ಯ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆಗಳಷ್ಟು. ವೀರಪಾತ್ರಗಳಿಗೆ ಎಂಟು ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಇಡುವ ವಾಡಿಕೆ ಇದೆ. ನಮ್ಮ ಶಿಲ್ಪಿಗಳ ನವತಾಲದ, ಅಂದರೆ ಒಂಬತ್ತು ತಾಲಗಳ ಎತ್ತರದ, ಲೆಕ್ಕವೂ ಉಪಯುಕ್ತ. 12 ಅಂಗುಲದ ಮುಖವನ್ನು ಒಂದು ತಾಲವೆಂದು ಹಿಡಿದು, ಕೊರಳು 4, ಕೊರಳಿನಿಂದ ಎದೆ, ಎದೆಯಿಂದ ಹೊಕ್ಕಳು, ಹೊಕ್ಕಳಿನಿಂದ ತೊಡೆಯ ಬುಡ ತಲಾ 12, ತೊಡೆ 24, ಮೊಣಕಾಲು 4, ಕಣಕಾಲು 24, ಪಾದದ ಎತ್ತರ 4 ಎಂದು ಕೂಡಿದರೆ 108 ಅಂಗುಲವಾಗುತ್ತದೆ. ತೊಡೆಯೂ ಕಣಕಾಲೂ ಸಮ ಎಂಬುದನ್ನು ಅಲ್ಲಿಂದಲೇ ತೆಗೆದುಕೊಳ್ಳಿ. ಬಿಗಿತ ಹೋಗಬೇಕಾದರೆ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮೂಟೆ ಹೊತ್ತವರನ್ನು ಅರ್ಧ ನಿಮಿಷದಲ್ಲಿ ನಾಲ್ಕಾರು ಗೆರೆಗಳಿಂದ ಹಿಡಿಯುವ ಅಭ್ಯಾಸ ಬೇಕು. ಸೊಂಟ ಒಂದು ಕಡೆ ಎದ್ದರೆ ಭುಜ ಆ ಕಡೆ ಇಳಿಯುವುದನ್ನು ಅಲ್ಲಿ ನೋಡಬಹುದು.

ನಿಮ್ಮ ಪಾತ್ರ ತೊಟ್ಟಿರುವ ಕವಚ ಅಂತರಜಾಲದಲ್ಲಿ ಸಾವಿರ ಬಾರಿ ಕಂಡದ್ದೇ. ಅದನ್ನು ಆಕೆ ಹೇಗೆ ತೊಡುತ್ತಾಳೆ, ಪಟ್ಟಿ ಎಲ್ಲಿ ಬಿಗಿಯುತ್ತದೆ, ಕೈ ಎತ್ತಿದರೆ ಭುಜದ ತಗಡು ಕಿವಿಗೆ ಬಡಿಯುವುದಿಲ್ಲವೇ ಎಂದು ಕೇಳಿದರೆ ಚಿತ್ರದಲ್ಲಿ ಉತ್ತರವಿಲ್ಲ. (ಯಂತ್ರ ತಯಾರಿಸಿಕೊಡುವ ಚಿತ್ರಗಳಲ್ಲಿಯೂ ಹೆಚ್ಚಾಗಿ ಇದೇ ರೋಗ: ಪಟ್ಟಿಗಳು ಎಲ್ಲಿಂದಲೋ ಹೊರಟು ಎಲ್ಲಿಯೂ ಸೇರುವುದಿಲ್ಲ. ಅವುಗಳನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ.) ಕಾನ್ಸೆಪ್ಟ್ ಆರ್ಟ್ ಎಂದರೆ ಆಟ ಅಥವಾ ಚಿತ್ರವನ್ನು ಕಟ್ಟುವವರು ಆ ಪಾತ್ರವನ್ನು ಮೂರು ಆಯಾಮದಲ್ಲಿ ನಿರ್ಮಿಸಲು ಬೇಕಾದ ನಕ್ಷೆ, ಆದ್ದರಿಂದ ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಸುಂದರ ಚಿತ್ರಕ್ಕೆ ಅಲ್ಲಿ ಬೆಲೆ ಕಡಿಮೆ.

ಉಡುಗೆಯ ಮೂಲಕ್ಕೆ ದೂರ ಹೋಗಬೇಕಾಗಿಲ್ಲ. ಸನ್ನತಿಯ ಬಳಿ ಭೀಮಾ ದಂಡೆಯ ಕನಗನಹಳ್ಳಿಯ ಸ್ತೂಪದಲ್ಲಿ, ‘ರಾಯ ಅಸೋಕೋ’ (ಅಶೋಕ ರಾಜ) ಎಂದು ಬ್ರಾಹ್ಮಿಯಲ್ಲಿ ಬರೆದಿರುವ ಪ್ರಸಿದ್ಧ ಫಲಕದ ಜೊತೆಗೆ ಬೇರೆ ಫಲಕಗಳೂ ಇವೆ; ತಲೆಪಾಗು ಸುತ್ತಿದ ಬಗೆ, ಸೊಂಟದ ಬಟ್ಟೆಯ ಗಂಟು, ಕೊಡೆ-ಚಾಮರ ಹಿಡಿದ ಕೈಗಳನ್ನು ಅಲ್ಲಿ ನೋಡಿ ಬಿಡಿಸಿಕೊಳ್ಳಿ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಮದನಿಕೆ ಇದ್ದಾಳೆ. ದೇಹವನ್ನು ಬಳುಕಿಸಿಯೂ ತೂಕವನ್ನು ಒಂದೇ ಕಾಲಿಗೆ ಒಪ್ಪಿಸುವ ಅವಳ ನಿಲುವನ್ನು ನಿಮ್ಮ ಯೋಧೆಗೆ ಎರವಲು ಕೊಡಬಹುದು. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ, ಕೆತ್ತಿದ ಮರದ ಕಂಬಗಳು ಇವೆ. ಗುರಾಣಿಯ ಅಂಚಿಗೆ, ಕತ್ತಿಯ ಹಿಡಿಗೆ ಅಷ್ಟು ಸಾಕು. ಪುರಾಣದ ಪಾತ್ರಗಳಿಗೆ ನಿಜವಾದ ಮಾಂಸಖಂಡ ಮತ್ತು ತೂಕ ಕೊಟ್ಟವರಲ್ಲಿ ಒಬ್ಬರಾದ ಎಸ್.ಎಂ. ಪಂಡಿತ್ 1916ರಲ್ಲಿ ಕಲಬುರಗಿಯಲ್ಲಿಯೇ ಹುಟ್ಟಿ, ಮುಂಬಯಿಯಲ್ಲಿ ಚಲನಚಿತ್ರದ ಪೋಸ್ಟರುಗಳಿಗೂ ಕ್ಯಾಲೆಂಡರುಗಳಿಗೂ ಚಿತ್ರ ಬರೆದವರು. ಇಲ್ಲಿನ ರಂಗಮಂದಿರದ ಹೆಸರಾಗಿ ಮಾತ್ರ ಅವರನ್ನು ಬಲ್ಲವರು ಅವರ ಒಂದು ಚಿತ್ರವನ್ನು ಮೂರು ಬೂದು ಮಟ್ಟಗಳಿಗೆ ಇಳಿಸಿ ನೋಡಿದರೆ, ಬೆಳಕನ್ನು ಎಲ್ಲಿ ಬಿಟ್ಟುಕೊಟ್ಟಿದ್ದಾರೆ, ಎಲ್ಲಿ ತಡೆದಿದ್ದಾರೆ ಎಂಬುದು ಕಾಣುತ್ತದೆ.

ಕೋರ್ಸಿನ ವಿಷಯ. ಈಗ ಬೇಡ. ಅಲ್ಲಿನ ಮೊದಲ ತಿಂಗಳುಗಳು ತಂತ್ರಾಂಶದ ಗುಂಡಿಗಳನ್ನು ತೋರಿಸುವುದರಲ್ಲಿ ಕಳೆಯುವ ಸಂಭವವೇ ಹೆಚ್ಚು, ಕ್ರಿಟಾದ ಉಚಿತ ಕೈಪಿಡಿಯಲ್ಲಿ ಅದೆಲ್ಲ ಇದೆ. ಸೇರಲೇಬೇಕೆನಿಸಿದರೆ ಅಲ್ಲಿ ಕಲಿಸುವವರ ಸ್ವಂತ ಕೆಲಸವನ್ನೂ, ಮುಗಿಸಿದ ವಿದ್ಯಾರ್ಥಿಗಳ ಕೆಲಸವನ್ನೂ ಕೇಳಿ ನೋಡಿದ ಮೇಲೆ ಹಣ ಕಟ್ಟಿ. ಅಷ್ಟರೊಳಗೆ ಒಂದೇ ಪಾತ್ರದ ಮೇಲೆ ಪೂರ್ಣ ಹಾಳೆಗಳನ್ನು ಮಾಡಿ: ಒಂದರಲ್ಲಿ ಕಪ್ಪು ಆಕಾರಗಳಾಗಿ ಹತ್ತಿಪ್ಪತ್ತು ಚಿಕ್ಕ ಪ್ರಯತ್ನಗಳು, ಇನ್ನೊಂದರಲ್ಲಿ ಆಯ್ದ ಪಾತ್ರದ ಮುಂಭಾಗ, ಪಕ್ಕ, ಹಿಂಭಾಗ ಒಂದೇ ಎತ್ತರದಲ್ಲಿ, ಮತ್ತೊಂದರಲ್ಲಿ ಆಯುಧ, ಪಟ್ಟಿ, ಆಭರಣಗಳ ಬಿಡಿ ಚಿತ್ರಗಳು ಮತ್ತು ಅವು ಯಾವ ವಸ್ತುವಿನವು ಎಂಬ ಟಿಪ್ಪಣಿ. ಕಲಾವಿದರು ತಮ್ಮ ಕೆಲಸ ತೋರಿಸುವ ಆರ್ಟ್‌ಸ್ಟೇಷನ್ ಜಾಲತಾಣದಲ್ಲಿ ಕೆಲಸ ಕೊಡುವವರು ಹುಡುಕುವುದು ಇಂಥ ಹಾಳೆಗಳನ್ನೇ. ಯೋಧೆಯನ್ನು ಮತ್ತೆ ಆರಂಭಿಸಿದಾಗ, ಬಣ್ಣ ಹಚ್ಚುವ ಮೊದಲೇ, ಆ ಮೂರು ಮಟ್ಟದ ಕಪ್ಪು-ಬಿಳುಪಿನ ಚಿತ್ರವನ್ನು ಈ ಗುಂಪಿನಲ್ಲಿ ಹಾಕಿ. ಆ ಹಂತದಲ್ಲಿ ತಿದ್ದುವುದು ನಿಮಗೂ ಸುಲಭ, ನೋಡಿ ಹೇಳುವ ನಮಗೂ ಸುಲಭ.