ಹೊಗೆ ಕಾಣದ ಆ ಒಂದು ವಾರ

ಇಂಗ್ಲೆಂಡಿನ ಓಲ್ಡಮ್ ಪಟ್ಟಣದಲ್ಲಿ ಬೆಳೆದ ನಿಮ್ಮ ನೆರೆಮನೆಯ ಅಜ್ಜಿ, ತಮ್ಮ ಬಾಲ್ಯದಲ್ಲಿ ವರ್ಷಕ್ಕೊಮ್ಮೆ ಊರಿಗೆ ಊರೇ ಖಾಲಿಯಾಗುತ್ತಿತ್ತು ಎಂದದ್ದು ನಿಜವೇ ಎಂದು ಕೇಳಿದ್ದೀರಿ. ನಿಜ, ಅವರು ನೆನೆದದ್ದು ‘ವೇಕ್ಸ್ ವೀಕ್’ ಎಂಬ ರಜೆಯನ್ನು. ಮೂಲತಃ ಚರ್ಚಿನ ಹಬ್ಬವಾಗಿದ್ದ, ನಮ್ಮ ಊರಜಾತ್ರೆಯನ್ನು ಹೋಲುವ ಈ ಆಚರಣೆ, ಹತ್ತಿಗಿರಣಿಗಳು ಬಂದ ಮೇಲೆ ಓಲ್ಡಮ್ ಸೇರಿದ್ದ ಲ್ಯಾಂಕಾಷೈರ್ ಪ್ರಾಂತ್ಯದಲ್ಲಿ ಕಾರ್ಮಿಕರ ಬೇಸಿಗೆ ರಜೆಯಾಗಿ ಮಾರ್ಪಟ್ಟಿತು. ಆ ವಾರ ಊರಿನ ಗಿರಣಿಗಳೆಲ್ಲ ಒಟ್ಟಿಗೆ ಮುಚ್ಚಿ, ಬಾಯ್ಲರ್‌ಗಳ ದುರಸ್ತಿಯೂ ಆಗಲೇ ನಡೆಯುತ್ತಿದ್ದುದರಿಂದ ಚಿಮಣಿಗಳ ಹೊಗೆ ನಿಂತು, ಪೆನೈನ್ ಬೆಟ್ಟಗಳು ಮಕ್ಕಳ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದವು. ಕುಟುಂಬಗಳು ರೈಲು ಹತ್ತಿ ಬ್ಲ್ಯಾಕ್‌ಪೂಲ್‌ನ ಕಡಲತೀರಕ್ಕೆ ಹೋಗುತ್ತಿದ್ದವು. 1894ರಲ್ಲಿ ತೆರೆದ ಅಲ್ಲಿನ ಗೋಪುರವನ್ನು ಕಿಟಕಿಯಿಂದ ಮೊದಲು ಕಂಡವರು ಯಾರೆಂಬುದೇ ಮಕ್ಕಳ ಪಂದ್ಯ. ಒಂದೊಂದು ಊರಿಗೆ ಒಂದೊಂದು ವಾರ ಗೊತ್ತುಪಡಿಸಿದ್ದುದರಿಂದ, ಕಡಲ ದಂಡೆಯಲ್ಲಿಯೂ ಎದುರಾಗುತ್ತಿದ್ದವರು ತಮ್ಮ ಬೀದಿಯ ನೆರೆಹೊರೆಯವರೇ! ಆದರೆ ಬಹುಕಾಲ ಇದು ಸಂಬಳವಿಲ್ಲದ ರಜೆ. ಸಂಬಳಸಹಿತ ರಜೆಯ ಕಾಯಿದೆ ಬಂದದ್ದು 1938ರಲ್ಲಿ. ಅದಕ್ಕೆ ಮುಂಚೆ, ವರ್ಷವಿಡೀ ವಾರವಾರವೂ ಉಳಿತಾಯ ಸಂಘಕ್ಕೆ ಕಟ್ಟಿದ ಪುಡಿಗಾಸೇ ಆಧಾರ. ಅಜ್ಜಿಯವರನ್ನು ಇನ್ನೊಮ್ಮೆ ಕಂಡಾಗ, ಅವರ ಮನೆಯವರು ತಂಗುಮನೆಗೆ ದಿನಸಿಯನ್ನು ತಾವೇ ಒಯ್ದು, ಮನೆಯೊಡತಿಯಿಂದ ಅಡುಗೆ ಮಾಡಿಸಿಕೊಳ್ಳುತ್ತಿದ್ದರೇ ಎಂದು ಕೇಳಿ ನೋಡಿ.