ಪ್ಯಾಚ್‌ನ ತಪ್ಪೋ, ಪರೀಕ್ಷೆಯ ತಪ್ಪೋ?

ನಮಸ್ಕಾರ.

ಪ್ರೋಗ್ರಾಂಗಳನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಜಿಸಿಸಿ ಕಂಪೈಲರ್‌ನಲ್ಲಿ, ಆರ್ಮ್ ಪ್ರೊಸೆಸರ್‌ಗಳ ವಿಭಾಗಕ್ಕೆ ಬಂದ ಪ್ಯಾಚೊಂದನ್ನು (ಕೋಡ್‌ನ ತಿದ್ದುಪಡಿಯೊಂದನ್ನು) ಪರಿಶೀಲಿಸಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ, ಇಂಥ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ.

ಮೊದಲ ಎರಡು ಪುಟ ತೆಗೆಯಿರಿ. 1987ರಲ್ಲಿ ಸ್ಟಾಲ್‌ಮನ್ ಜಿಸಿಸಿ ಹೊರತಂದ ಕತೆಗೆ ಒಂದು ಸಾಲು ಸಾಕು.

ಮೂರನೇ ಪುಟದಲ್ಲಿ, ಕಂಪೈಲರ್‌ಗೆ ಎಂ-ಟ್ಯೂನ್ ಎಂಬ ಆಯ್ಕೆ ಕೊಟ್ಟರೆ ಹಳೆಯ ಚಿಪ್‌ನಲ್ಲಿ ಪ್ರೋಗ್ರಾಂ ಓಡುವುದಿಲ್ಲ ಎಂದಿದ್ದೀರಿ. ತಪ್ಪು. ಯಾವ ಸೂಚನೆಗಳನ್ನು ಬಳಸಬಹುದೆಂದು ತೀರ್ಮಾನಿಸುವುದು ಎಂ-ಆರ್ಚ್ ಎಂಬ ಇನ್ನೊಂದು ಆಯ್ಕೆ. ಎಂ-ಟ್ಯೂನ್ ಆ ಮಿತಿಯೊಳಗೇ ಯಾವ ಪ್ರೊಸೆಸರ್‌ಗೆ ಒಗ್ಗುವಂತೆ ಜೋಡಿಸಬೇಕೆಂದು ಹೇಳುತ್ತದೆ, ಅಷ್ಟೇ. ಆರ್ಮ್‌ನಲ್ಲಿ ಎಂ-ಸಿಪಿಯು ಎಂದರೆ ಎರಡೂ ಒಟ್ಟಿಗೆ. ನಿಮ್ಮ ಲೇಖನದ ಗಂಟು ಇರುವುದು ಇಲ್ಲೇ, ಅದನ್ನು ನೀವು ಬಿಚ್ಚಿಯೇ ಇಲ್ಲ.

ಪ್ಯಾಚ್ ಹಾಕಿದ ಮೇಲೆ ಜಿಸಿಸಿಯ ಪರೀಕ್ಷೆಗಳು ಫೇಲ್ ಆದವು, ಹಾಗಾಗಿ ಪ್ಯಾಚ್ ಕೆಟ್ಟದ್ದು ಎಂಬುದು ನಿಮ್ಮ ತೀರ್ಪು. ಹಾಕುವ ಮುಂಚೆ ಎಷ್ಟು ಫೇಲ್ ಇದ್ದವು? ಲೇಖನದಲ್ಲಿ ಎಲ್ಲೂ ಇಲ್ಲ. ಜಿಸಿಸಿಯಲ್ಲಿ ಯಾವ ಪ್ಯಾಚೂ ಇಲ್ಲದೆಯೇ ಕೆಲವು ಫೇಲ್ ಆಗುತ್ತಿರುತ್ತವೆ. ಎರಡೂ ಸಲದ 'ಸಮ್' (ಫಲಿತಾಂಶದ ಸಾರಾಂಶ) ಕಡತಗಳನ್ನು ಹೋಲಿಸದೆ ತೀರ್ಪು ಕೊಟ್ಟರೆ, ಹಳೇ ಜ್ವರಕ್ಕೆ ಹೊಸ ಮಾತ್ರೆಯನ್ನು ದೂರಿದ ಹಾಗಾಯಿತು.

ಅನುಬಂಧದಲ್ಲಿ ನೀವೇ ಹಾಕಿರುವ ಲಾಗ್ (ಪರೀಕ್ಷೆ ಓಡಿದ ದಾಖಲೆ) ನೋಡಿ. ಫೇಲ್ ಆದ ಆ ಪರೀಕ್ಷೆ ತನ್ನೊಳಗೇ ಎಂ-ಸಿಪಿಯುಗೆ ಕಾರ್ಟೆಕ್ಸ್-ಎ8 ಪ್ರೊಸೆಸರ್ ಕೇಳುತ್ತದೆ. ನೀವೋ ಇಡೀ ಪರೀಕ್ಷಾ ಕಟ್ಟನ್ನು ಎಂ-ಆರ್ಚ್‌ಗೆ ಅದಕ್ಕಿಂತ ಹಳೆಯ ಸೂಚನಾ ಕಟ್ಟಾದ ಆರ್ಮ್‌ವಿ5ಟಿಇ ಕೊಟ್ಟು ಓಡಿಸಿದ್ದೀರಿ. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲವೆಂದು ಕಂಪೈಲರ್ ಎಚ್ಚರಿಸಿದೆ. ನಿರೀಕ್ಷಿಸದ ಎಚ್ಚರಿಕೆ ಬಂದರೂ, ಪರೀಕ್ಷೆಗಳನ್ನು ಓಡಿಸುವ ಡೆಜಾಗ್ನು ಅದನ್ನು 'ಎಕ್ಸೆಸ್ ಎರರ್ಸ್' (ಹೆಚ್ಚುವರಿ ದೋಷಗಳು) ಎಂದು ಫೇಲ್ ಬರೆಯುತ್ತದೆ. ಇದರಲ್ಲಿ ಪ್ಯಾಚ್‌ನ ಪಾಪವೇನು? ಬೇರೆ ಎಂ-ಆರ್ಚ್ ಕೊಟ್ಟಾಗ ಈ ಪರೀಕ್ಷೆ ಬಿಟ್ಟುಬಿಡು ಎಂದು 'ಡಿಜಿ-ಸ್ಕಿಪ್-ಇಫ್' ಸಾಲೊಂದನ್ನು ಸೇರಿಸಿದರೆ ಗಲಾಟೆ ನಿಲ್ಲುತ್ತದೆ. ಆದರೆ ಆಮೇಲೆ ಆ ಪರೀಕ್ಷೆ 'ಅನ್‌ಸಪೋರ್ಟೆಡ್' ಲೆಕ್ಕಕ್ಕೆ ಹೋಗುತ್ತದೆ, ಆ ಸಂರಚನೆಯಲ್ಲಿ ಅದು ಏನನ್ನೂ ಪರೀಕ್ಷಿಸುವುದಿಲ್ಲ. ಇದು ಸರಿಯೇ ಎಂಬ ಚರ್ಚೆ ನಿಮ್ಮಿಂದ ಬರಬೇಕಿತ್ತು. ನನಗಂತೂ ಹೀಗೆ ಸ್ಕಿಪ್ ಹಾಕಿ ಕೈತೊಳೆದುಕೊಳ್ಳುವ ಚಾಳಿ ಇಷ್ಟವಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು: 'ಓಡಿಸಲಾಯಿತು', 'ಗಮನಿಸಲಾಯಿತು' ಎಂದೆಲ್ಲ ಯಾಕೆ? ಓಡಿಸಿದ್ದು ನೀವೇ ತಾನೆ?

ಆ ಲಾಗ್‌ನಿಂದಲೇ ಲೇಖನ ಶುರುಮಾಡಿ. ಪ್ಯಾಚ್ ಇಲ್ಲದೆ ಓಡಿಸಿದ ಫಲಿತಾಂಶವನ್ನೂ ಸೇರಿಸಿ ಕಳಿಸಿ. ಎಂಟುನೂರು ಪದ ಮೀರದಿರಲಿ.

ಇಂತಿ,
ಸಂಪಾದಕ