ಹಾರ್ಡ್ ಡಿಸ್ಕ್ ‘ಫಾರ್ಮ್ಯಾಟ್ ಮಾಡಿ’ ಎಂದಾಗ

ಪ್ರಶ್ನೆ: ನನ್ನ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದರೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೆ?’ ಎನ್ನುತ್ತದೆ. ಜಮೀನಿನ ದಾಖಲೆ, ಫೋಟೊಗಳೆಲ್ಲ ಅದರಲ್ಲೇ ಇವೆ. ಚೆಕ್‌ಡಿಸ್ಕ್ ಓಡಿಸಲೇ?

ಉತ್ತರ: ಬೇಡ. ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ವಿಂಡೋಸ್ ಸಾಧನ) ದುರಸ್ತಿಗೆ ಇಳಿದರೆ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ; ಇದ್ದ ಫೈಲೂ ಹೋದೀತು. ಮೊದಲು ಕಿವಿಗೊಡಿ. ಟಕ್ ಟಕ್ ಸದ್ದು ಬಂದರೆ ಹೆಡ್ (ಡಿಸ್ಕನ್ನು ಓದುವ ಸೂಕ್ಷ್ಮ ಭಾಗ) ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ತಕ್ಷಣ ಕೇಬಲ್ ಕಿತ್ತು, ಕ್ಲೀನ್‌ರೂಮ್ (ಧೂಳಿಲ್ಲದ ಕೋಣೆ) ಇರುವ ಡೇಟಾ ರಿಕವರಿ ಲ್ಯಾಬಿಗೆ ಕೊಡಿ. (ಫ್ರೀಜರ್‌ನಲ್ಲಿಡುವ ಸಲಹೆ ಕೇಳಲೇಬೇಡಿ, ತೇವ ಕಟ್ಟುತ್ತದೆ.)

ಸದ್ದಿಲ್ಲವೇ? ಕೇಬಲ್, ಪೋರ್ಟ್ ಬದಲಿಸಿ ನೋಡಿ. ಆಗಲೂ ಹಾಗೆಯೇ ಇದ್ದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕನ್ನು ನಕಲಿಸುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಇಮೇಜ್ (ಯಥಾವತ್ ನಕಲಿನ ಫೈಲ್) ತೆಗೆಯಿರಿ. ಅದಕ್ಕೆ 2 ಟಿಬಿ ಖಾಲಿ ಡಿಸ್ಕ್ ಬೇಕು. ಎಷ್ಟು ನಕಲಾಗಿದೆ ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರನ್ನು ಆದೇಶದಲ್ಲಿ ಕೊಡಲು ಮರೆಯಬೇಡಿ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯುತ್ತದೆ. ಮೊದಲ ಸುತ್ತಿನಲ್ಲಿ ಸುಲಭದ ಭಾಗ ಮಾತ್ರ, ಕೆಟ್ಟ ಸೆಕ್ಟರ್‌ಗಳಿಗೆ (ಡಿಸ್ಕಿನ ಪುಟ್ಟ ತುಣುಕುಗಳಿಗೆ) ಆಮೇಲೆ 3 ಮರುಯತ್ನ ಸಾಕು. ಆಮೇಲೆ ಕಳೆದ ಪಾರ್ಟಿಶನ್ (ಡಿಸ್ಕಿನ ವಿಭಾಗ) ಹುಡುಕಿಕೊಡುವ ಟೆಸ್ಟ್‌ಡಿಸ್ಕ್ ಓಡಿಸುವುದು ಇಮೇಜಿನ ಪ್ರತಿಯ ಮೇಲೆ, ಮೂಲದ ಮೇಲಲ್ಲ. ಅದೂ ಸೋತರೆ ಫೈಲುಗಳನ್ನು ಒಂದೊಂದಾಗಿ ಹೆಕ್ಕುವ ಫೋಟೊರೆಕ್: ಫೈಲ್ ಸಿಗುತ್ತದೆ, ಹೆಸರು, ಫೋಲ್ಡರ್ ಸಿಗುವುದಿಲ್ಲ.

ಹೊರಗಿನ ಪೆಟ್ಟಿಗೆ ಬಿಚ್ಚಿ ಒಳಗಿನ ಡಿಸ್ಕನ್ನು ಕಂಪ್ಯೂಟರಿಗೆ ನೇರ ಜೋಡಿಸುವುದು ಎಲ್ಲ ಮಾದರಿಗೂ ಆಗದು. ಕೆಲವದರಲ್ಲಿ ಯುಎಸ್‌ಬಿ ಬೋರ್ಡೇ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿರುತ್ತದೆ (ಗೂಢಲಿಪಿಗೆ ಬದಲಿಸಿರುತ್ತದೆ); ಆ ಬೋರ್ಡಿಲ್ಲದೆ ಓದಲಾಗದು.